ಸೊಂಟ ನೋವಿಗೆ ಬೆನ್ನಿಗೆ ಸೂಜಿ: ಅಪ್ಪನಿಗೆ ಮಾಡಿಸಬೇಕಾ, ಬೇಡವಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಕೊಡಗಿನ ನಾಪೋಕ್ಲು ಕಡೆಯವರು. ಅಪ್ಪನಿಗೆ 61 ವರ್ಷ. ಐದು ಎಕರೆ ರೋಬಸ್ಟಾ ಕಾಫಿ ತೋಟ, ಅವರೇ ನೋಡಿಕೊಳ್ಳುತ್ತಾರೆ. ನಾಲ್ಕು ವರ್ಷದಿಂದ ಸೊಂಟ ನೋವು. ಕೆಲವು ಸಲ ಕುಂಡಿಯವರೆಗೆ ಬರುತ್ತೆ, ಮಂಡಿಯಿಂದ ಕೆಳಗೆ ಇಳಿಯಲ್ಲ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ. ಎಂಆರ್‌ಐನಲ್ಲಿ ಸೊಂಟದ ಕೆಳಗಿನ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಎರಡು ಕಡೆ (ಎಲ್4-ಎಲ್5, ಎಲ್5-ಎಸ್1) ಉಬ್ಬಿದೆ, ಫ್ಯಾಸೆಟ್ ಕೀಲು ಸವೆದಿದೆ ಅಂತ ಬಂದಿದೆ. ಒಂದು ಆಸ್ಪತ್ರೆಯಲ್ಲಿ ಬೆನ್ನಿಗೆ ಮೂರು ಇಂಜೆಕ್ಷನ್ ಕೊಡಬೇಕು, ಆಗಲೂ ಸರಿಹೋಗದಿದ್ದರೆ ನರ ಸುಡಬೇಕು, ಎಲ್ಲ ಸೇರಿ ಲಕ್ಷದ ಮೇಲಾಗುತ್ತೆ ಅಂದರು. ಈಗ ಅಮೆರಿಕದಲ್ಲೂ ಎಲ್ಲರಿಗೂ ಇದನ್ನೇ ಮಾಡುವುದಂತೆ. ಪಕ್ಕದ ತೋಟದವರಿಗೆ ಒಂದೇ ಇಂಜೆಕ್ಷನ್‌ಗೆ ಹುಷಾರಾಯಿತು. ನಮ್ಮ ಅತ್ತೆಗೆ ಹಾಕಿಸಿದ್ದು ಎರಡೇ ತಿಂಗಳು ನಿಂತಿತು. ಯಾರ ಮಾತು ಕೇಳುವುದು? ಜನವರಿಗೆ ಕೊಯ್ಲು ಶುರುವಾಗುವ ಮುಂಚೆ ತೀರ್ಮಾನ ಮಾಡಬೇಕು.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಇಂಥ ಪತ್ರಗಳಲ್ಲಿ ಹೆಚ್ಚಾಗಿ ಎಂಆರ್‌ಐ ವರದಿ ಮಾತ್ರ ಇರುತ್ತದೆ, ನೋವು ಎಲ್ಲಿ ಅನ್ನುವುದೇ ಇರುವುದಿಲ್ಲ. ನೀವು ಬರೆದಿದ್ದೀರಿ. "ಮಂಡಿಯಿಂದ ಕೆಳಗೆ ಇಳಿಯಲ್ಲ" ಅನ್ನುವ ನಿಮ್ಮ ಆ ಒಂದು ಸಾಲು ನನಗೆ ಇಡೀ ಸ್ಕ್ಯಾನಿಂಗ್ ವರದಿಗಿಂತ ಜಾಸ್ತಿ ಹೇಳಿತು.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಯಾಕೆ ಅಂತ ಹೇಳುತ್ತೇನೆ. ನೀವು ಬರೆದಷ್ಟನ್ನು ನೋಡಿದರೆ ಆ ಮೂರು ಇಂಜೆಕ್ಷನ್ ಅಪ್ಪನಿಗೆ ಬೇಡ. ಕನಿಷ್ಠ ಈಗ ಬೇಡ. ನರ ಸುಡುವ ವಿಷಯ ಅದಕ್ಕಿಂತ ಸ್ವಲ್ಪ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ. ನಾನೂ ಈ ಇಂಜೆಕ್ಷನ್ ಕೊಡುವವನೇ, ಇಪ್ಪತ್ತು ವರ್ಷ ಆಯಿತು. ಆದ್ದರಿಂದ ಸೂಜಿ ಕಂಡರೆ ಆಗದವನ ಮಾತು ಅಂತ ತಿಳಿಯಬೇಡಿ.

ನೀವು ಕೇಳಿದ್ದು ಒಂದು ಪ್ರಶ್ನೆ ಅಂತ ಕಂಡರೂ ಅದರೊಳಗೆ ಎರಡಿವೆ. ಇಷ್ಟೊಂದು ಜನ ಮಾಡಿಸುತ್ತಿದ್ದಾರಲ್ಲ, ಹಾಗಾದರೆ ಅದು ಒಳ್ಳೆಯದೇ ಇರಬೇಕಲ್ವಾ ಅನ್ನುವುದು ಒಂದು. ನಮ್ಮ ಅಪ್ಪನಿಗೆ ಅದು ಆಗಿಬರುತ್ತಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು ಅಂದುಕೊಂಡು ಎರಡನೆಯದನ್ನು ಕೇಳದೆ ಬಿಡುವವರೇ ಜಾಸ್ತಿ. ಆ ಅಮೆರಿಕದ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲಿ ಲೆಕ್ಕ ಚೆನ್ನಾಗಿ ಇಟ್ಟಿದ್ದಾರೆ.

ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಯಾವ ಡಾಕ್ಟರು ಯಾವ ಇಂಜೆಕ್ಷನ್ ಕೊಟ್ಟು ಬಿಲ್ ಹಾಕಿದರು ಅನ್ನುವುದೆಲ್ಲ ಅಲ್ಲಿ ದಾಖಲಾಗುತ್ತದೆ. ಆ ದಾಖಲೆಯ ಪ್ರಕಾರ, ಸೊಂಟದ ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್, ಅಂದರೆ ಬೆನ್ನುಹುರಿ ಮತ್ತು ನರಗಳ ಹೊದಿಕೆಯ ಹೊರಗಿನ ಜಾಗಕ್ಕೆ ಉರಿಯೂತ ತಗ್ಗಿಸುವ ಔಷಧಿ ಕೊಡುವುದು, 1994ರಲ್ಲಿ ಲಕ್ಷ ಜನಕ್ಕೆ 553 ಇದ್ದದ್ದು 2001ಕ್ಕೆ 2055 ಆಯಿತು. ಏಳು ವರ್ಷದಲ್ಲಿ ಮೂರೂವರೆ ಪಟ್ಟಿಗೂ ಮೇಲೆ. ಬೆನ್ನುಮೂಳೆಯ ಹಿಂದಿನ ಸಣ್ಣ ಕೀಲುಗಳಿಗೆ, ಅಂದರೆ ಫ್ಯಾಸೆಟ್ ಕೀಲುಗಳಿಗೆ ಕೊಡುವ ಇಂಜೆಕ್ಷನ್ ಲಕ್ಷಕ್ಕೆ 80 ಇದ್ದದ್ದು 264 ಆಯಿತು. ಈ ಏಳು ವರ್ಷದಲ್ಲಿ ಮುದುಕರ ಬೆನ್ನು ಅಷ್ಟು ಕೆಟ್ಟುಹೋಯಿತಾ? ಇಲ್ಲ. ಇನ್ನೂ ಮುಖ್ಯವಾದ ಮಾತು ಇದೆ. ಎಪಿಡ್ಯೂರಲ್‌ಗೆ ಸ್ವಲ್ಪವಾದರೂ ಗಟ್ಟಿ ಆಧಾರ ಇರುವುದು ಕಾಲಿಗೆ ಇಳಿಯುವ ನರದ ನೋವಿಗೆ, ಅಂದರೆ ಸಯಾಟಿಕಾಕ್ಕೆ. ಆದರೆ ಅಷ್ಟೊಂದು ಇಂಜೆಕ್ಷನ್‌ಗಳಲ್ಲಿ ಸಯಾಟಿಕಾಕ್ಕೆ ಅಂತ ಕೊಟ್ಟಿದ್ದು ಅರ್ಧಕ್ಕಿಂತ ಕಮ್ಮಿ. ಮಿಕ್ಕಿದ್ದು ನಿಮ್ಮ ಅಪ್ಪನಂಥ ಬರೀ ಸೊಂಟ ನೋವಿನವರಿಗೆ, ಮತ್ತೆ ಬೇರೆ ಬೇರೆ ನೋವಿನವರಿಗೆ.

ಆಮೇಲಿನ ವರ್ಷಗಳಲ್ಲೂ ಏರುತ್ತಲೇ ಹೋಯಿತು. ಸುಮಾರು 2010ರ ಹೊತ್ತಿಗೆ ಎಪಿಡ್ಯೂರಲ್‌ನ ಓಟ ನಿಂತು ನಿಧಾನಕ್ಕೆ ಇಳಿಯತೊಡಗಿತು. ಫ್ಯಾಸೆಟ್ ಇಂಜೆಕ್ಷನ್, ಅದರಲ್ಲೂ ನರ ಸುಡುವುದು, ಏರುತ್ತಲೇ ಇತ್ತು. 2020ರಲ್ಲಿ ಕೋವಿಡ್ ಬಂದು ಎಲ್ಲವೂ ಒಟ್ಟಿಗೆ ಬಿತ್ತು. ಕೊನೆಗೆ 2023ರ ಜುಲೈನಿಂದ ಮೆಡಿಕೇರ್ ಒಂದು ನಿಯಮ ತಂದಿತು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಫ್ಯಾಸೆಟ್ ಇಂಜೆಕ್ಷನ್ ಕೊಡಬೇಕಾದರೂ ನರ ಸುಡಬೇಕಾದರೂ ಮೊದಲೇ ಅನುಮತಿ ತಗೊಳ್ಳಬೇಕು ಅಂತ. ಅಂದರೆ "ಅಮೆರಿಕದಲ್ಲಿ ಎಲ್ಲರಿಗೂ ಇದನ್ನೇ ಮಾಡುವುದಂತೆ" ಅಂತ ನಿಮಗೆ ಯಾರೋ ಹೇಳುವ ಹೊತ್ತಿಗೆ ಅಲ್ಲಿನವರು ಕಡಿವಾಣ ಹಾಕುತ್ತಿದ್ದಾರೆ.

ಯಾಕೆ ಇಷ್ಟು ಏರಿತು ಅನ್ನುವುದನ್ನು ನಾನು ನನ್ನ ಕಣ್ಣೆದುರೇ ನೋಡಿದ್ದೇನೆ. ಎಂಆರ್‌ಐ ಯಂತ್ರಗಳು ಜಾಸ್ತಿಯಾದವು, ನೋಡಿದವರ ಬೆನ್ನಲ್ಲೆಲ್ಲ ಏನೋ ಒಂದು ಕಂಡಿತು. ಸಿ-ಆರ್ಮ್ ಅಂತ ಎಕ್ಸ್‌ರೇ ಯಂತ್ರ ಬಂತು. ಮೇಜಿನ ಸುತ್ತ ಬಿಲ್ಲಿನ ಹಾಗೆ ಬಾಗಿಕೊಂಡು ತಿರುಗುತ್ತದೆ, ಅದರಲ್ಲಿ ನೋಡಿಕೊಂಡು ಸೂಜಿಯನ್ನು ಅಕ್ಕಿ ಕಾಳಿನಷ್ಟು ಜಾಗಕ್ಕೆ ಮುಟ್ಟಿಸಬಹುದು. ನೋವಿನ ಚಿಕಿತ್ಸೆಯೇ ಒಂದು ಬೇರೆ ವಿದ್ಯೆ ಆಯಿತು, ಅದನ್ನು ಕಲಿತವರು ಬಂದರು. ಅಫೀಮಿನ ಜಾತಿಯ ನೋವಿನ ಮಾತ್ರೆಗಳಿಂದ ಅಮೆರಿಕದಲ್ಲಿ ದೊಡ್ಡ ಅನಾಹುತವಾಗಿ, ಮಾತ್ರೆ ಬಿಟ್ಟು ಬೇರೆ ಏನಾದರೂ ಬೇಕು ಅನ್ನುವ ಒತ್ತಡವೂ ಬಂತು. ಮತ್ತೆ ದುಡ್ಡು. ಒಬ್ಬ ರೋಗಿಯ ಜೊತೆ ಅರ್ಧ ಗಂಟೆ ಕೂತು ಹೇಗೆ ಬಗ್ಗಬೇಕು, ಹೇಗೆ ನಡೆಯಬೇಕು ಅಂತ ಹೇಳಿಕೊಟ್ಟರೆ ಡಾಕ್ಟರಿಗೆ ಸಿಗುವುದು ಕನ್ಸಲ್ಟೇಶನ್ ಫೀಸ್ ಮಾತ್ರ. ಅದೇ ಅರ್ಧ ಗಂಟೆಯಲ್ಲಿ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಪಟ್ಟು. ಎಲ್ಲ ಡಾಕ್ಟರೂ ದುಡ್ಡಿಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹಾಗೆ ನಂಬಿದ್ದರೆ ಈ ಕೆಲಸದಲ್ಲಿ ಇರುತ್ತಿರಲಿಲ್ಲ. ಆದರೆ ನೀರು ಇಳಿಜಾರಿನ ಕಡೆಗೇ ಹರಿಯುತ್ತದೆ, ಕೊಡಗಿನವರಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಪರೀಕ್ಷೆ ಮಾಡಿ ನೋಡಿದವರು ಏನು ಹೇಳಿದರು ಅಂತ ಕೇಳಿ. ಬೆನ್ನುಹುರಿಯ ಹಾದಿ ಕಿರಿದಾಗಿ, ನಡೆದರೆ ಕಾಲು ಹಿಡಿಯುವ 400 ಜನರ ಮೇಲೆ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಫಲಿತಾಂಶ 2014ರಲ್ಲಿ ಬಂತು. ಅರ್ಧ ಜನಕ್ಕೆ ಎಪಿಡ್ಯೂರಲ್‌ನಲ್ಲಿ ಸ್ಟೀರಾಯ್ಡ್ ಮತ್ತು ಮರಗಟ್ಟಿಸುವ ಔಷಧಿ, ಇನ್ನರ್ಧಕ್ಕೆ ಮರಗಟ್ಟಿಸುವ ಔಷಧಿ ಮಾತ್ರ. ಆರು ವಾರ ಆದ ಮೇಲೆ ಎರಡೂ ಗುಂಪಿನ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 681 ಜನರ ಮೇಲೆ, ನರ ಸುಟ್ಟು ವ್ಯಾಯಾಮ ಮಾಡಿಸಿದವರನ್ನೂ ಬರೀ ವ್ಯಾಯಾಮ ಮಾಡಿಸಿದವರನ್ನೂ ಹೋಲಿಸಿದರು. ರೋಗಿಗೆ ಇದು ಬೇಕೇ ಬೇಕು ಅನ್ನುವಷ್ಟು ಲಾಭ ಸಿಗಲಿಲ್ಲ. 2016ರಲ್ಲಿ ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಬರೀ ಸೊಂಟ ನೋವಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಬೇಡಿ ಅಂತ ನೇರವಾಗಿಯೇ ಹೇಳಿತು. ಹೊಸದಾಗಿ ಶುರುವಾದ, ತಡೆಯಲಾರದ ಸಯಾಟಿಕಾಕ್ಕೆ ಎಪಿಡ್ಯೂರಲ್ ಯೋಚಿಸಬಹುದು ಅಂದಿತು. ನರ ಸುಡುವುದನ್ನು ಆಯ್ದ ಕೆಲವರಿಗೆ ಮಾತ್ರ ಇಟ್ಟುಕೊಂಡಿತು.

2025ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದಕ್ಕಿಂತ ಖಡಕ್ ಆದ ಶಿಫಾರಸು ಬಂತು. 81 ಪ್ರಯೋಗಗಳು, ಸುಮಾರು 8000 ರೋಗಿಗಳು. ಅದನ್ನೆಲ್ಲ ಒಟ್ಟುಹಾಕಿ ನೋಡಿದ ತಂಡ, ಕ್ಯಾನ್ಸರ್ ಮತ್ತು ಉರಿಯೂತದ ಕೀಲು ಕಾಯಿಲೆ ಬಿಟ್ಟು ಉಳಿದ ದೀರ್ಘಕಾಲದ ಬೆನ್ನು ನೋವಿಗೆ ಎಪಿಡ್ಯೂರಲ್, ಫ್ಯಾಸೆಟ್ ಇಂಜೆಕ್ಷನ್, ನರ ಸುಡುವುದು ಇವೆಲ್ಲ ಬೇಡ ಅಂತ ಬಲವಾಗಿಯೇ ಹೇಳಿತು. ಹುಸಿ ಚಿಕಿತ್ಸೆ, ಅಂದರೆ ನಿಜವಾದದ್ದು ಕೊಡದೆ ಕೊಟ್ಟ ಹಾಗೆ ಮಾಡುವುದು, ಅದನ್ನು ಪಡೆದವರಿಗೆ ಹೋಲಿಸಿದರೆ ಇವುಗಳಿಂದ ಹೆಚ್ಚಿಗೆ ಏನೂ ಸಿಗುವ ಹಾಗೆ ಕಾಣುವುದಿಲ್ಲ ಅಂತ. ನೋವಿನ ತಜ್ಞರ ಸಂಘಗಳು ಜೋರಾಗಿ ಆಕ್ಷೇಪ ಎತ್ತಿದವು. ಬೇರೆ ಬೇರೆ ನೋವನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ, ರೋಗಿಯನ್ನು ಸರಿಯಾಗಿ ಆರಿಸಿದ್ದೂ ಆರಿಸದ್ದೂ ಒಟ್ಟಿಗೆ ಸೇರಿಹೋಗಿದೆ ಅನ್ನುವುದು ಅವರ ವಾದ. ಆ ವಾದದಲ್ಲಿ ನನಗೆ ಸತ್ಯ ಕಾಣುತ್ತದೆ. ಆದರೆ ಅದೇ ವಾದವನ್ನು ತಿರುಗಿಸಿ ಕೇಳಿ. ನಮ್ಮಲ್ಲಿ ದಿನಾ ಕೊಡುವ ಇಂಜೆಕ್ಷನ್‌ಗಳಲ್ಲಿ ರೋಗಿಯನ್ನು ಅಷ್ಟು ಸರಿಯಾಗಿ ಆರಿಸುತ್ತಿದ್ದೇವಾ? ಕಾಲು ಎತ್ತಿಸಿ ನೋಡದೆ, ಬೆನ್ನು ಮುಟ್ಟದೆ, ಎಂಆರ್‌ಐ ಪ್ರಿಂಟ್ ನೋಡಿ ಮೂರು ಇಂಜೆಕ್ಷನ್ ಅಂತ ಬರೆದುಕೊಡುವುದನ್ನು ನಾನು ಕಂಡಿದ್ದೇನೆ.

ಇದಕ್ಕೇ ನಿಮ್ಮ ಆ ಒಂದು ಸಾಲು ನನಗೆ ಮುಖ್ಯವಾದದ್ದು. ಡಿಸ್ಕ್ ಜಾರಿ ನರವನ್ನು ಒತ್ತಿದಾಗ ನೋವು ಸೊಂಟಕ್ಕಿಂತ ಕಾಲಲ್ಲೇ ಜಾಸ್ತಿ. ತೊಡೆಯ ಹಿಂದಿನಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ, ಹೆಬ್ಬೆರಳಿಗೋ ಕಿರುಬೆರಳಿಗೋ ಕರೆಂಟ್ ಹೊಡೆದ ಹಾಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಜಾಸ್ತಿ. ಮಲಗಿಸಿ ಕಾಲನ್ನು ನೇರವಾಗಿ ಎತ್ತಿದರೆ ಅರ್ಧಕ್ಕೆ ಬರುವಷ್ಟರಲ್ಲಿ "ಅಯ್ಯೋ ಸಾಕು" ಅನ್ನುತ್ತಾರೆ. ಇಂಥವರು ರಾತ್ರಿ ನಿದ್ದೆಯಿಲ್ಲದೆ ನರಳುತ್ತಿದ್ದರೆ ಒಂದು ಎಪಿಡ್ಯೂರಲ್ ಕೊಟ್ಟು ಕೆಲವು ವಾರ ನೋವು ತಗ್ಗಿಸಬಹುದು. ಅಷ್ಟು ಹೊತ್ತಿಗೆ ಹೆಚ್ಚಿನವರಲ್ಲಿ ಡಿಸ್ಕಿನ ಜಾರಿದ ಭಾಗ ತಾನಾಗಿಯೇ ಕುಗ್ಗುತ್ತದೆ. ಇಂಜೆಕ್ಷನ್ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಅದು ಕೊಡುವುದು ಸಮಯ ಮಾತ್ರ, ಆ ನೋವಿನಲ್ಲಿರುವವನಿಗೆ ಆ ಸಮಯವೇ ದೊಡ್ಡ ಉಪಕಾರ. ನಿಮ್ಮ ಪಕ್ಕದ ತೋಟದವರನ್ನು ಒಂದು ಮಾತು ಕೇಳಿ ನೋಡಿ, ನೋವು ಕಾಲಿಗೆ ಇಳಿಯುತ್ತಿತ್ತಾ, ಶುರುವಾಗಿ ಎಷ್ಟು ವಾರ ಆಗಿತ್ತು ಅಂತ. ಹೌದು, ಒಂದೆರಡು ತಿಂಗಳು ಅಂತ ಹೇಳಿದರೆ ಅವರ ಕಾಯಿಲೆಯೇ ಬೇರೆ, ಅಪ್ಪನದೇ ಬೇರೆ.

ಅಪ್ಪನದು ನಾಲ್ಕು ವರ್ಷದ ನೋವು, ಸೊಂಟದಲ್ಲೇ, ಕುಂಡಿಯವರೆಗೆ. ಇದಕ್ಕೆ ಎಪಿಡ್ಯೂರಲ್ ಕೊಟ್ಟರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಒಂದೆರಡು ತಿಂಗಳು ಹಗುರ ಅನ್ನಿಸುತ್ತದೆ, ನಿಮ್ಮ ಅತ್ತೆಗೆ ಆದ ಹಾಗೆ. ಹುಸಿ ಇಂಜೆಕ್ಷನ್ ಕೊಟ್ಟರೂ ಹೀಗೇ ಹಗುರ ಆಗುವವರು ಇದ್ದಾರೆ. ನೋವು ತುಂಬಾ ಜಾಸ್ತಿ ಇರುವ ವಾರವೇ ಅಲ್ವಾ ನಾವು ಆಸ್ಪತ್ರೆಗೆ ಓಡುವುದು? ಆಮೇಲೆ ಏನು ಮಾಡಿದರೂ ಒಂದಿಷ್ಟು ಇಳಿದೇ ಇಳಿಯುತ್ತದೆ.

ಮೂರು ಇಂಜೆಕ್ಷನ್ ಅನ್ನುವ ಲೆಕ್ಕದ ಬಗ್ಗೆಯೂ ಹೇಳಬೇಕು. ಅದು ಹಳೆಯ ರೂಢಿ, ಅದರ ಹಿಂದೆ ಯಾವ ಪುರಾವೆಯೂ ಇಲ್ಲ. ಮೊದಲನೆಯದು ಕೆಲಸ ಮಾಡಿದರೆ ಎರಡನೆಯದು ತಕ್ಷಣ ಯಾಕೆ? ಮೊದಲನೆಯದು ಏನೂ ಮಾಡದಿದ್ದರೆ ಅದನ್ನೇ ಇನ್ನೆರಡು ಸಲ ಯಾಕೆ? ನಾನು ಕೆಲಸ ಕಲಿಯುವಾಗ ಇದೇ ರೂಢಿ ಇತ್ತು, ನಾನೂ ಮೂರು ಮೂರು ಕೊಟ್ಟಿದ್ದೇನೆ. ಆ ರೋಗಿಗಳನ್ನು ನೆನೆದರೆ ಇವತ್ತಿಗೂ ಬೇಸರ ಆಗುತ್ತದೆ.

ಎಂಆರ್‌ಐ ವರದಿಗೆ ಹೆದರಬೇಡಿ. ಬೆನ್ನು ನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟು ಮಾಡಿ 2015ರಲ್ಲಿ ಒಂದು ಅಧ್ಯಯನ ಬಂತು. ಇಪ್ಪತ್ತರ ವಯಸ್ಸಿನಲ್ಲೇ 100ರಲ್ಲಿ 30 ಜನಕ್ಕೆ ಡಿಸ್ಕ್ ಉಬ್ಬಿತ್ತು. ಎಂಬತ್ತರಲ್ಲಿ 84 ಜನಕ್ಕೆ. ಡಿಸ್ಕ್ ಸವೆತ ಇಪ್ಪತ್ತರಲ್ಲಿ 37, ಎಂಬತ್ತರಲ್ಲಿ 96. ಮತ್ತೆ ಹೇಳುತ್ತೇನೆ, ಇವರು ಯಾರಿಗೂ ನೋವಿರಲಿಲ್ಲ. 61ರ ಹರೆಯದಲ್ಲಿ ಡಿಸ್ಕ್ ಉಬ್ಬಿಲ್ಲ, ಫ್ಯಾಸೆಟ್ ಸವೆದಿಲ್ಲ ಅಂತ ಬಂದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು. ತಲೆಕೂದಲು ಬೆಳ್ಳಗಾದ ಹಾಗೆ ಅದು. "ಡಿಸ್ಕ್ ಹೋಗಿದೆ" ಅಂತ ಮನೆಯಲ್ಲಿ ದಯವಿಟ್ಟು ಹೇಳಬೇಡಿ. ಆ ಮಾತು ಒಂದು ಸಲ ಕಿವಿಗೆ ಬಿದ್ದರೆ ಮನುಷ್ಯ ಬಗ್ಗಲು ಹೆದರುತ್ತಾನೆ, ಹೆದರಿ ಸುಮ್ನೆ ಕೂರುತ್ತಾನೆ, ಕೂತು ಕೂತು ಬೆನ್ನಿನ ಸ್ನಾಯು ಸೋಲುತ್ತದೆ, ಆಗ ನೋವು ಇನ್ನೂ ಜಾಸ್ತಿ.

ಈಗ ನರ ಸುಡುವ ವಿಷಯ. ಹೆಸರು ಭಯಂಕರ, ಕೆಲಸ ಅಷ್ಟೇನೂ ಭಯಂಕರ ಅಲ್ಲ. ಹೊಟ್ಟೆಯ ಕೆಳಗೆ ದಿಂಬು ಇಟ್ಟು ಬೋರಲು ಮಲಗಿಸುತ್ತೇವೆ. ಚರ್ಮಕ್ಕೆ ಮರಗಟ್ಟಿಸುವ ಔಷಧಿ ಕೊಡುತ್ತೇವೆ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಸಿ-ಆರ್ಮ್‌ನಲ್ಲಿ ನೋಡುತ್ತಾ ಉದ್ದ ಸೂಜಿಯನ್ನು ಮೂಳೆಯ ಒಂದು ಮೂಲೆಗೆ ಮುಟ್ಟಿಸುತ್ತೇವೆ. ಫ್ಯಾಸೆಟ್ ಕೀಲಿನ ನೋವನ್ನು ಹೊತ್ತೊಯ್ಯುವ ದಾರದಂಥ ನರ ಅಲ್ಲೇ ಹಾದುಹೋಗುವುದು. ಮೊದಲು ಸಣ್ಣ ಕರೆಂಟ್ ಬಿಟ್ಟು ಕಾಲು ಅದುರುತ್ತಾ ಅಂತ ನೋಡುತ್ತೇವೆ. ಅದುರಿದರೆ ಸೂಜಿ ತಪ್ಪು ಜಾಗದಲ್ಲಿದೆ ಅಂತ ಅರ್ಥ, ಸರಿಸಬೇಕು. ಆಮೇಲೆ ಸೂಜಿಯ ತುದಿಯನ್ನು ಸುಮಾರು 80 ಡಿಗ್ರಿಗೆ ಒಂದು, ಒಂದೂವರೆ ನಿಮಿಷ ಬಿಸಿ ಮಾಡುತ್ತೇವೆ. ಆ ನರ ಕೆಲಸ ನಿಲ್ಲಿಸುತ್ತದೆ. ಅದು ಮತ್ತೆ ಬೆಳೆಯುತ್ತದೆ. ಹಾಗಾಗಿ ಕೆಲಸ ಮಾಡಿದರೂ ಆರು ತಿಂಗಳೋ ವರ್ಷವೋ, ಅಷ್ಟೇ.

ಇದನ್ನು ಮಾಡುವ ಮುಂಚೆ ನೋವು ನಿಜವಾಗಿಯೂ ಆ ಕೀಲಿನಿಂದಲೇ ಬರುತ್ತಿದೆಯಾ ಅಂತ ಪರೀಕ್ಷೆ ಮಾಡಲೇಬೇಕು. ಅದೇ ನರಕ್ಕೆ ಅರ್ಧ ಎಂಎಲ್ ಮರಗಟ್ಟಿಸುವ ಔಷಧಿ ಕೊಟ್ಟು, ಅವತ್ತು ಕೆಲವು ಗಂಟೆ ನೋವು ಪೂರ್ತಿ ಅಥವಾ ಬಹುಪಾಲು ಹೋಗುತ್ತಾ ನೋಡುವುದು. ಈ ಪರೀಕ್ಷೆಯೂ ಮೋಸ ಮಾಡುತ್ತದೆ. ಒಂದು ಸಲ ಹೌದು ಅಂತ ಬಂದವರಲ್ಲಿ ಎಷ್ಟೋ ಜನಕ್ಕೆ ಇನ್ನೊಂದು ದಿನ ಮಾಡಿದರೆ ಇಲ್ಲ ಅಂತ ಬರುತ್ತದೆ. ಹಾಗಾಗಿ ಎರಡು ಸಲ ಮಾಡಿಸುವುದು ಒಳ್ಳೆಯದು. ನಿಮಗೆ ಹೇಳಿದ ಯೋಜನೆಯಲ್ಲಿ ಈ ಪರೀಕ್ಷೆಯ ಮಾತೇ ಇಲ್ಲ. ಮೂರು ಇಂಜೆಕ್ಷನ್, ಸರಿಹೋಗದಿದ್ದರೆ ನರ ಸುಡುವುದು. ಇಂಜೆಕ್ಷನ್ ಸೋತದ್ದೇ ನರ ಸುಡಲು ಕಾರಣ ಆಗುವುದಿಲ್ಲ. ನಾನು ಈ ಯೋಜನೆಗೆ ಬೇಡ ಅನ್ನುವುದಕ್ಕೆ ದೊಡ್ಡ ಕಾರಣವೇ ಇದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ. ಸ್ಟೀರಾಯ್ಡ್ ಬೆನ್ನಿಗೆ ಕೊಟ್ಟರೂ ರಕ್ತಕ್ಕೆ ಸೇರುತ್ತದೆ, ಸಕ್ಕರೆ ಕೆಲವು ದಿನ ಏರುತ್ತದೆ, ಕೆಲವರಿಗೆ ವಾರದವರೆಗೂ. ಮೂರು ಸಲ ಕೊಟ್ಟರೆ ಮೂರು ಸಲ ಏರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಅದನ್ನು ಯಾವ ಡಾಕ್ಟರಿಗೂ ಹೇಳದೆ ಇರಬಾರದು, ಬೆನ್ನೊಳಗೆ ರಕ್ತ ಹೆಪ್ಪುಗಟ್ಟಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಇಂಥದ್ದು ಅಪರೂಪ. ಆದರೂ 2014ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಪಿಡ್ಯೂರಲ್ ಸ್ಟೀರಾಯ್ಡ್‌ನಿಂದ ಕಣ್ಣು ಹೋಗುವುದು, ಪಾರ್ಶ್ವವಾಯು, ಸಾವು ಇವೆಲ್ಲ ಅಪರೂಪಕ್ಕೆ ಆಗಿವೆ ಅಂತ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 2012ರಲ್ಲಿ, ಅಲ್ಲಿ ಒಂದು ಕಡೆ ತಯಾರಾದ ಸ್ಟೀರಾಯ್ಡ್ ಬಾಟಲಿಗಳಿಗೆ ಶಿಲೀಂಧ್ರ ಸೇರಿ, 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 60ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆದರಿಸಲು ಹೇಳುತ್ತಿಲ್ಲ. ಲಾಭ ದೊಡ್ಡದಿದ್ದರೆ ಅಪರೂಪದ ಅಪಾಯ ಒಪ್ಪಿಕೊಳ್ಳಬಹುದು, ಲಾಭವೇ ಅನುಮಾನ ಇರುವ ಕಡೆ ಯಾಕೆ ಒಪ್ಪಿಕೊಳ್ಳಬೇಕು?

ಇಲ್ಲಿ ಒಬ್ಬ ಅಮ್ಮನ ವಿಷಯ ಹೇಳಬೇಕು. ತೋಟದ ಲೈನ್ ಮನೆಯಲ್ಲಿದ್ದವರು, ಐವತ್ತರ ಹತ್ತಿರ ವಯಸ್ಸು. ಎಲ್ಲೋ ಒಂದು ಕಡೆ ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ನೋವು ಇಳಿಯದೆ ನನ್ನ ಹತ್ತಿರ ಬಂದರು. ಕೂರುವಾಗ ಎರಡು ಕೈಯನ್ನೂ ಕುರ್ಚಿಗೆ ಊರಿ, ಬೆನ್ನು ಒಂಚೂರೂ ಬಗ್ಗಿಸದೆ, ಹಲಗೆ ಇಟ್ಟ ಹಾಗೆ ಕೂತರು. ರವಿಕೆ ಸಡಿಲವಾಗಿ ತೋಳಿನಿಂದ ಜಾರುತ್ತಿತ್ತು. ಯಾವಾಗ ಹೊಲಿಸಿದ್ದು ಅಂತ ಕೇಳಿದೆ. ಪುತ್ತರಿ ಹಬ್ಬಕ್ಕೆ ಅಂದರು. ಆಗ ಮೇ ತಿಂಗಳು. ಆರು ತಿಂಗಳಲ್ಲಿ ಅಷ್ಟು ಇಳಿದುಹೋಗಿದ್ದರು. ರಾತ್ರಿ ಮಲಗಿದರೆ ನೋವು ಜಾಸ್ತಿ, ಸಂಜೆ ಮೈ ಬಿಸಿ. ಬೆನ್ನುಮೂಳೆಯ ಕ್ಷಯ ಆಗಿತ್ತು. ಕ್ಷಯಕ್ಕೆ ಸ್ಟೀರಾಯ್ಡ್ ಕೊಟ್ಟರೆ ಬೆಂಕಿಗೆ ಎಣ್ಣೆ ಹಾಕಿದ ಹಾಗೆ. ಔಷಧಿ ಶುರುವಾಯಿತು, ಗುಣವಾಯಿತು, ಆದರೆ ಬೆನ್ನು ಸ್ವಲ್ಪ ಗೂನಾಗಿ ಉಳಿಯಿತು. ಆ ರವಿಕೆಯ ವಿಷಯ ಯಾರಾದರೂ ಮೊದಲೇ ಕೇಳಿದ್ದರೆ ಅನ್ನಿಸುತ್ತದೆ.

ಆದ್ದರಿಂದ ಅಪ್ಪನ ವಿಷಯದಲ್ಲಿ ಇಷ್ಟನ್ನು ನೋಡಿಕೊಳ್ಳಿ. ತೂಕ ಇಳಿಯುತ್ತಿದೆಯಾ, ಜ್ವರ ಬರುತ್ತಾ, ಮಲಗಿದರೂ ನೋವು ಬಿಡುವುದಿಲ್ಲವಾ, ಹಿಂದೆ ಕ್ಯಾನ್ಸರ್ ಆಗಿತ್ತಾ, ಬಿದ್ದು ಏಟಾಗಿತ್ತಾ. ಯಾವುದಾದರೂ ಒಂದಿದ್ದರೆ ನಾನು ಇಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು ಡಾಕ್ಟರನ್ನು ಕಾಣಿ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆಯ ಸಂದು, ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲು ಆಗದಿದ್ದರೆ ಅವತ್ತೇ ಹೊರಡಿ, ನಾಳೆ ಅನ್ನಬೇಡಿ. ನಮ್ಮ ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ರಸ್ತೆ. ಮಳೆಗಾಲದಲ್ಲಿ ರಾತ್ರಿ ಹೊತ್ತು ಅದೇ ಒಂದು ಪರೀಕ್ಷೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಮುಂದೆ ಅವರು ಹೇಳುತ್ತಾರೆ.

ಇವೇನೂ ಇಲ್ಲ ಅಂದರೆ, ಬೇಡ ಅಂದಮೇಲೆ ಮಾಡುವುದೇನು ಅಂತ ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ವ್ಯಾಯಾಮ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ಮಸಾಜ್ ಥರದ ಕೆಲವು ಚಿಕಿತ್ಸೆ, ಬೇಕಾದಾಗ ಉರಿಯೂತ ತಗ್ಗಿಸುವ ಮಾತ್ರೆ, ಇವನ್ನು ಯೋಚಿಸಬಹುದು ಅಂದಿತು. ಸೊಂಟದ ಬೆಲ್ಟ್ ಬೇಡ, ಸೊಂಟ ಎಳೆದು ಹಿಡಿಯುವ ಟ್ರ್ಯಾಕ್ಷನ್ ಬೇಡ ಅಂದಿತು. ನಮ್ಮಲ್ಲಿ ಸೊಂಟ ನೋವು ಅಂದ ತಕ್ಷಣ ಕೊಡುವುದೇ ಈ ಎರಡು. ಸಕ್ಕರೆ ಇರುವವರು ನೋವಿನ ಮಾತ್ರೆ ದಿನಾ ನುಂಗಿದರೆ ಕಿಡ್ನಿಗೆ ಹೊಡೆತ, ಅಂಗಡಿಯಿಂದ ತಾವೇ ತಂದು ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ.

ನಡಿಗೆಯ ಬಗ್ಗೆ ಒಂದು ಒಳ್ಳೆಯ ಪ್ರಯೋಗ 2024ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಸೊಂಟ ನೋವು ಬಂದು ಹೋಗಿದ್ದ 701 ಜನ. ಅರ್ಧ ಜನಕ್ಕೆ ಫಿಸಿಯೋಥೆರಪಿಸ್ಟ್ ಸಹಾಯದಿಂದ ನಿಧಾನಕ್ಕೆ ನಡಿಗೆ ಹೆಚ್ಚಿಸಿ, ವಾರಕ್ಕೆ ಐದು ದಿನ, ಅರ್ಧ ಗಂಟೆಗೆ ತಂದರು. ನಡೆದವರಿಗೆ ನೋವು ಮರಳಿ ಬರಲು 208 ದಿನ ಹಿಡಿಯಿತು, ನಡೆಯದವರಿಗೆ 112. "ತೋಟದಲ್ಲಿ ದಿನಾ ಓಡಾಡುತ್ತಾರಲ್ಲ" ಅನ್ನಬೇಡಿ. ಕಾಫಿ ಗಿಡದ ಸಂದಿಯಲ್ಲಿ ಬಗ್ಗಿ ಬಗ್ಗಿ, ಇಳಿಜಾರಲ್ಲಿ ಕಾಲು ಜಾರದ ಹಾಗೆ ಮೈ ಬಿಗಿಹಿಡಿದು ಓಡಾಡುವುದು ಬೇರೆ, ಕೈ ಬೀಸಿಕೊಂಡು ರಸ್ತೆಯಲ್ಲಿ ಒಂದೇ ಹೆಜ್ಜೆಗೆ ನಡೆಯುವುದು ಬೇರೆ. ಮೊದಲ ವಾರ ಹತ್ತು ನಿಮಿಷ ಸಾಕು. ಸ್ವಲ್ಪ ನೋವಾದರೆ ನಿಲ್ಲಿಸಬೇಕಾಗಿಲ್ಲ, ಮರುದಿನಕ್ಕೆ ಜಾಸ್ತಿ ಆದರೆ ಎರಡು ನಿಮಿಷ ಕಮ್ಮಿ ಮಾಡಿ.

ಕೆಲಸ ಬಿಡಿ ಅಂತ ಅಪ್ಪನಿಗೆ ನಾನು ಹೇಳುವುದಿಲ್ಲ. ತೋಟ ಬಿಟ್ಟು ಕೂತ ಮನುಷ್ಯನ ಸೊಂಟ ಸರಿಹೋದದ್ದನ್ನು ನಾನು ನೋಡಿಲ್ಲ. ಆದರೆ ಕೆಲಸದ ರೀತಿ ಬದಲಾಗಬೇಕು. ಹಸಿ ಹಣ್ಣು ತುಂಬಿದ 50 ಕಿಲೋ ಚೀಲವನ್ನು ಒಬ್ಬರೇ ಎತ್ತಿ ಜೀಪಿಗೆ ಹಾಕುವುದು ಇನ್ನು ಬೇಡ, ಅರ್ಧ ತುಂಬಿಸಿ ಅಥವಾ ಇಬ್ಬರು ಎತ್ತಿ. ಎತ್ತುವಾಗ ಚೀಲವನ್ನು ಎದೆಗೆ ಹತ್ತಿರ ಹಿಡಿದು, ತಿರುಗಬೇಕಾದರೆ ಸೊಂಟ ತಿರುಗಿಸದೆ ಕಾಲನ್ನೇ ತಿರುಗಿಸಲಿ. ಕಣದಲ್ಲಿ ಕಾಫಿ ಎಳೆಯುವ ಹಲಗೆಯ ಹಿಡಿ ಎಷ್ಟು ಉದ್ದ ಇದೆ ನೋಡಿ. ಗಿಡ್ಡ ಇದ್ದರೆ ಒಂದು ಅಡಿ ಉದ್ದದ್ದು ಹಾಕಿಸಿ, ಬಗ್ಗುವುದು ಅರ್ಧ ಕಮ್ಮಿ ಆಗುತ್ತದೆ. ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಬೆನ್ನಿನ ಟ್ಯಾಂಕ್, ಒಂದೇ ಹೆಗಲಿಗೆ ನೇತುಹಾಕುವ ಕಳೆ ಕೊಚ್ಚುವ ಯಂತ್ರ, ಈ ಎರಡನ್ನು ಈ ವರ್ಷ ಬೇರೆಯವರಿಗೆ ಬಿಟ್ಟುಕೊಡಲಿ. ಮೆಣಸು ಕೊಯ್ಯಲು ಏಣಿ ಹತ್ತುವುದನ್ನೂ. ಆಳು ಸಿಗುವುದು ಎಷ್ಟು ಕಷ್ಟ, ಕೂಲಿ ಎಷ್ಟು ಅಂತ ನನಗೆ ಗೊತ್ತು. ಆದರೂ ಇಂಜೆಕ್ಷನ್‌ಗೆ ಅಂತ ತೆಗೆದಿಟ್ಟ ಲಕ್ಷದಲ್ಲಿ ಒಂದು ಭಾಗ ಇದಕ್ಕೆ ಖರ್ಚಾದರೆ ಅದು ಚಿಕಿತ್ಸೆಯೇ.

ನೀವು ಬರೆದಾಗ ಅಕ್ಟೋಬರ್, ಕೊಯ್ಲಿಗೆ ಮೂರು ತಿಂಗಳಿದೆ. ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟ್ ಹತ್ತಿರ ವಾರಕ್ಕೊಂದು ಸಲ, ಆರು ವಾರ ಹೋಗಿ. ಯಂತ್ರದ ಶಾಖ ಕೊಟ್ಟು ಕಳಿಸುವವರು ಬೇಡ, ವ್ಯಾಯಾಮ ಹೇಳಿಕೊಟ್ಟು ಮುಂದಿನ ವಾರ ಮಾಡಿ ತೋರಿಸು ಅನ್ನುವವರು ಬೇಕು. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡು ವಿಷಯ ಬರೆಯಿರಿ, ಎಷ್ಟು ನಿಮಿಷ ನಡೆದರು, ರಾತ್ರಿ ಎಷ್ಟು ಸಲ ನೋವಿನಿಂದ ಎಚ್ಚರ ಆಯಿತು.

ಇಷ್ಟೆಲ್ಲ ಮಾಡಿಯೂ ನೋವು ಹತ್ತರಲ್ಲಿ ಐದಕ್ಕಿಂತ ಮೇಲೇ ಇದ್ದರೆ, ನಿಂತು ಹಿಂದಕ್ಕೆ ಬಾಗಿದಾಗ ಜಾಸ್ತಿ ಆಗುತ್ತಿದ್ದರೆ, ಆಗ ಮೊದಲು ಆ ಎರಡು ಸಲದ ಪರೀಕ್ಷೆ, ಅದರಲ್ಲಿ ಹೌದು ಅಂತ ಬಂದರೆ ನರ ಸುಡುವುದನ್ನು ಯೋಚಿಸಬಹುದು. ಬ್ರಿಟಿಷ್ ಜರ್ನಲ್‌ನ ತಂಡ ಅದೂ ಬೇಡ ಅನ್ನುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ, ಆದರೆ ಹಾಗೆ ಆರಿಸಿದವರಲ್ಲೂ ಎಲ್ಲರಿಗೂ ಗುಣ ಸಿಗುವುದಿಲ್ಲ ಅಂತ ಮೊದಲೇ ಹೇಳಿಯೇ ಸೂಜಿ ಹಿಡಿಯುತ್ತೇನೆ. ಎದುರಿಗೆ ಯಾವ ಡಾಕ್ಟರೇ ಕೂತಿರಲಿ, ಸಂಕೋಚ ಇಲ್ಲದೆ ಕೇಳಿ: ಸಾರ್, ನೋವು ಯಾವ ಜಾಗದಿಂದ ಬರುತ್ತಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು? ಮೊದಲನೆಯದು ಕೆಲಸ ಮಾಡದಿದ್ದರೆ ಎರಡನೆಯದು ಕೊಡುತ್ತೀರಾ? ಸಕ್ಕರೆಗೆ ಏನು ಮಾಡಬೇಕು? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ.

ಅಪ್ಪನ ಈಚಿನ ಸಕ್ಕರೆ ಪರೀಕ್ಷೆ, ಅದರಲ್ಲೂ ಮೂರು ತಿಂಗಳ ಸರಾಸರಿ ತೋರಿಸುವುದು, ಮತ್ತೆ ಕಿಡ್ನಿಯ ಕ್ರಿಯಾಟಿನಿನ್ ಈ ವಾರವೇ ಮಾಡಿಸಿ. ಡಿಸೆಂಬರ್ ಮೊದಲ ವಾರ ಆ ಎರಡು ಕಾಗದ ಮತ್ತು ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿ, ನೋಡಿ ಬರೆಯುತ್ತೇನೆ.